ಕರ್ಸರ್ ಮೂಲೆಗೆ ಹಾರುವುದೇಕೆ?

ಪ್ರಶ್ನೆ: ಪುಟ್ಟ ಬೋರ್ಡೊಂದಕ್ಕೆ ನಾನೇ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ. ಪಿಎಸ್/2 (ಹಳೆಯ ಗುಂಡು ಕನೆಕ್ಟರ್‌ನ) ಮೌಸ್ ಜೋಡಿಸಿದ್ದೇನೆ. ಇಂಟರಪ್ಟ್ (ಕೈಲಿರುವ ಕೆಲಸ ನಿಲ್ಲಿಸಿ ತನ್ನತ್ತ ನೋಡುವಂತೆ ಮೌಸ್ ಪ್ರೊಸೆಸರ್‌ಗೆ ಕೊಡುವ ಸೂಚನೆ) ಬಂದ ಕೂಡಲೇ, ಅದನ್ನು ನಿಭಾಯಿಸುವ ಕೋಡ್‌ನಲ್ಲೇ ಕರ್ಸರ್ ಬರೆಯುತ್ತೇನೆ. ಆದರೆ ಕರ್ಸರ್ ಆಗಾಗ ಮೂಲೆಗೆ ಹಾರುತ್ತದೆ, ಓಡಾಡಿದ ಕಡೆಯೆಲ್ಲ ಚೂರುಪಾರು ಗುರುತು ಉಳಿಯುತ್ತದೆ. ಏನು ಮಾಡಲಿ?

ಉತ್ತರ: ಗುರುತು ಉಳಿಯುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಇಂಟರಪ್ಟ್ ಒಳಗೆ ಚಿತ್ರ ಬರೆಯಬೇಡಿ. ಕರ್ಸರ್ ಬರೆಯುವ ಮುನ್ನ ಅದರ ಅಡಿಯ ಪಿಕ್ಸೆಲ್‌ಗಳನ್ನು ಎತ್ತಿಡುತ್ತೀರಿ, ಅಲ್ವಾ? ಅದೇ ಹೊತ್ತಿಗೆ ಇನ್ನೊಂದು ಟಾಸ್ಕ್ (ಸಿಸ್ಟಮ್‌ನಲ್ಲಿ ಜೊತೆಜೊತೆಗೆ ನಡೆಯುವ ಇನ್ನೊಂದು ಕೆಲಸ) ಆ ಜಾಗದಲ್ಲಿ ಕಿಟಕಿಯನ್ನೋ ಅಕ್ಷರವನ್ನೋ ಅರ್ಧ ಬರೆದಿರುತ್ತದೆ. ನೀವು ಎತ್ತಿಟ್ಟಿದ್ದು ಆ ಅರ್ಧ ಚಿತ್ರ. ಕರ್ಸರ್ ಮುಂದೆ ಹೋದಾಗ ಅದನ್ನೇ ಮತ್ತೆ ಅಂಟಿಸುತ್ತೀರಿ.

ನಾನು ಗಟ್ಟಿಯಾಗಿ ನಂಬಿರುವ ಮಾತಿದು: ಪರದೆಯ ಮೇಲೆ ಬರೆಯುವ ಟಾಸ್ಕ್ ಒಂದೇ ಇರಬೇಕು, ಕರ್ಸರ್ ಕೂಡ ಅದರದ್ದೇ ಆಗಿರಬೇಕು. ಇಂಟರಪ್ಟ್ ಬೈಟ್ ಓದಿ ಕ್ಯೂಗೆ (ಬಂದ ಕ್ರಮದಲ್ಲೇ ಕಾಯುವ ಸಾಲಿಗೆ) ಹಾಕಿ ಸುಮ್ನೆ ಹೊರಡಲಿ. 16×16 ಕರ್ಸರ್‌ಗೆ, ಪಿಕ್ಸೆಲ್‌ಗೆ 16 ಬಿಟ್ ಲೆಕ್ಕದಲ್ಲಿ, ಎತ್ತಿಡಲು ಬೇಕಾಗುವುದು ಬರೀ 512 ಬೈಟ್. ನಿಮ್ಮ ಡಿಸ್‌ಪ್ಲೇ ಕಂಟ್ರೋಲರ್‌ನಲ್ಲಿ ಹಾರ್ಡ್‌ವೇರ್ ಕರ್ಸರ್ (ಚಿತ್ರದ ಮೇಲೆ ಕರ್ಸರನ್ನು ತಾನೇ ತೋರಿಸುವ ಸೌಲಭ್ಯ) ಇದ್ದರೆ ಇದೂ ಬೇಡ. ಜಾಗದ ಅಂಕಿ ಬದಲಿಸಿದರೆ ಸಾಕು.

ಇನ್ನು ಹಾರುವ ವಿಷಯ. ಮಾಮೂಲಿ ಪಿಎಸ್/2 ಮೌಸ್ ಒಂದು ಸಲಕ್ಕೆ 3 ಬೈಟ್ ಕಳಿಸುತ್ತದೆ; ಮೂರೂ ಸೇರಿ ಒಂದು ಪ್ಯಾಕೆಟ್. ಮೊದಲನೆಯದು ಬಟನ್‌ಗಳ ಸ್ಥಿತಿ ಮತ್ತು ಚಲನೆಯ ಚಿಹ್ನೆಗಳು (ಪ್ಲಸ್ಸೋ ಮೈನಸ್ಸೋ), ಉಳಿದೆರಡು ಎಕ್ಸ್, ವೈ ಚಲನೆ. ನಡುವೆ ಒಂದು ಬೈಟ್ ತಪ್ಪಿದರೆ ಆಮೇಲಿನದ್ದೆಲ್ಲ ಒಂದೊಂದು ಸ್ಥಾನ ಜರುಗುತ್ತದೆ. ಚಲನೆಯ ಅಂಕಿಯನ್ನು ಬಟನ್ ಎಂದುಕೊಳ್ಳುತ್ತೀರಿ. ಆಗ ಕರ್ಸರ್ ಹಾರುವುದಲ್ಲದೆ, ಯಾರೂ ಒತ್ತದ ಕ್ಲಿಕ್ ಕೂಡ ಬೀಳುತ್ತದೆ. ಯಂತ್ರ ನಡೆಸುವ ಪರದೆಯಾದರೆ ಇದು ಅಪಾಯದ ಮಾತು.

ಮೊದಲ ಬೈಟ್‌ನಲ್ಲಿ 3ನೇ ಬಿಟ್ (0ಯಿಂದ ಎಣಿಸಿ) ಯಾವಾಗಲೂ 1. ಅದು 0 ಇದ್ದರೆ ಆ ಬೈಟ್ ಬಿಸಾಡಿ. ಚಲನೆಯ ಬೈಟ್‌ನಲ್ಲೂ ಆ ಬಿಟ್ 1 ಇರಬಹುದು, ಹಾಗಾಗಿ ಇದೊಂದೇ ಸಾಲದು. ಸಮಯವನ್ನೂ ನೋಡಿ. ಒಂದು ಪ್ಯಾಕೆಟ್‌ನ ಬೈಟ್‌ಗಳು ಹೆಚ್ಚುಕಡಿಮೆ ಒಂದೊಂದು ಮಿಲಿಸೆಕೆಂಡಿಗೆ ಬರುತ್ತವೆ. ನಡುವೆ 20 ಮಿಲಿಸೆಕೆಂಡ್ ಮೌನವಾದರೆ ಅರ್ಧ ತುಂಬಿದ ಪ್ಯಾಕೆಟ್ ಅಳಿಸಿ, ಹೊಸದಾಗಿ ಶುರು ಮಾಡಿ. ಕೈ ಒಂದು ಕ್ಷಣ ನಿಂತರೂ ಎಲ್ಲ ಸರಿಹೋಗುತ್ತದೆ.

ಚಲನೆ 8 ಬಿಟ್ ಅಲ್ಲ, 9 ಬಿಟ್. ಚಿಹ್ನೆ ಮೊದಲ ಬೈಟ್‌ನ 4 ಮತ್ತು 5ನೇ ಬಿಟ್‌ನಲ್ಲಿದೆ. 6, 7ನೇ ಬಿಟ್ 1 ಇದ್ದರೆ ಅಂಕಿ ಅಳತೆ ಮೀರಿದೆ ಎಂದರ್ಥ. ಆ ಚಲನೆಯನ್ನು ಬಿಟ್ಟುಬಿಡಿ. ಮೌಸ್‌ಗೆ ವೈ ಮೇಲಕ್ಕೆ ಹೋದಂತೆ ಹೆಚ್ಚುತ್ತದೆ, ಪರದೆಗೆ ಕೆಳಕ್ಕೆ. ಆದ್ದರಿಂದ ವೈಯನ್ನು ಕಳೆಯಿರಿ.

ಕೊನೆಯದಾಗಿ, ಕ್ಯೂ ತುಂಬಿದಾಗ ಚಲನೆಗಳನ್ನು ಕೂಡಿಸಿ ಒಂದು ಮಾಡಬಹುದು. ಆದರೆ ಬಟನ್ ಬದಲಾದ ಪ್ಯಾಕೆಟ್ ದಾಟಿ ಕೂಡಿಸಬೇಡಿ. ಒತ್ತಿದ್ದೂ ಬಿಟ್ಟಿದ್ದೂ ಒಂದರಲ್ಲೇ ಕರಗಿ ಕ್ಲಿಕ್ ಮಾಯವಾಗುತ್ತದೆ.