ಎಲ್ಲ ಆಪ್ಷನ್ನೂ ಸರಿಯಾಗಿಯೇ ಇದೆ ಅಂತಾಳೆ ಮಗಳು

ತಂಗಿ, ನಿನ್ನ ಪತ್ರ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮೂಡಿಗೆರೆ ಬಿಟ್ಟು ನ್ಯೂಜೆರ್ಸಿಗೆ ಬಂದು ನಾಲ್ಕು ತಿಂಗಳಾಯಿತು, ಚಳಿ ಇನ್ನೂ ಒಗ್ಗಿಲ್ಲ, ಮನಸ್ಸು ಬಿಚ್ಚಿ ಮಾತಾಡುವುದಕ್ಕೆ ಯಾರೂ ಸಿಕ್ಕಿಲ್ಲ, ಇದರ ಜೊತೆಗೆ ಹನ್ನೊಂದನೇ ತರಗತಿಯ ಮಗಳಿಗೆ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಬೇರೆ ಅಂತ ಬರೆದಿದ್ದೀಯ. ಇಲ್ಲಿ ಬದುಕು ಹೇಗಕ್ಕ ಅಂತ ಕೇಳಿದ್ದೀಯ. ನನಗೆ ನಾಟಿದ್ದು ಮಾತ್ರ ನಿನ್ನ ಕೊನೆಯ ಸಾಲು. "ನೋಟ್ಸ್ ಕೊಟ್ಟು ಕೇಳೋ ಪ್ರಶ್ನೆಗಳಲ್ಲಿ ಅವಳು ತುಂಬಾ ಒದ್ದಾಡ್ತಾಳೆ. ಎಲ್ಲ ಆಪ್ಷನ್ನೂ ಸರಿಯಾಗಿಯೇ ಇದೆಯಲ್ಲಮ್ಮ ಅಂತ ಅಳ್ತಾಳೆ."

ಅವಳು ಹೇಳುತ್ತಿರುವುದು ನಿಜ ಕಣೇ. ಆ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಆಪ್ಷನ್ನೂ ನೋಟ್ಸಿನಲ್ಲಿ ಇರುವ ಮಾತನ್ನೇ ಹೇಳುತ್ತವೆ. ಅದು ಅವಳಿಗೆ ತಾನಾಗಿ ಕಂಡಿದೆ ಅಂದರೆ ಅರ್ಧ ದಾರಿ ಬಂದ ಹಾಗೆ. ಇನ್ನರ್ಧ ದಾರಿ ಎಲ್ಲಿದೆ ಅಂತ ಹೇಳುತ್ತೇನೆ. ಬೇರೆ ವಿಷಯ ಆಮೇಲೆ.

ನಾನು ಹಾಸನದವಳು. ಇಲ್ಲಿಗೆ ಬಂದು 18 ವರ್ಷವಾಯಿತು. ನನ್ನ ಮಗ ಎಸ್‌ಎಟಿ ಬರೆದದ್ದು 2024ರಲ್ಲಿ. ಅಮೆರಿಕದಲ್ಲಿ ಈ ಪರೀಕ್ಷೆ ಪೂರ್ತಿ ಕಂಪ್ಯೂಟರಿಗೆ ಬಂದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಅವನ ಪಕ್ಕದಲ್ಲಿ ಕೂತು ನಾನೂ ಎಲ್ಲವನ್ನೂ ಓದಿದೆ. ಹಾಗಾಗಿ ಇದು ಕೇಳಿದ ಮಾತಲ್ಲ, ಕಂಡದ್ದು.

ಮೊದಲು ಸಮಯದ ಲೆಕ್ಕ. ಓದು-ಬರಹದ ಭಾಗದಲ್ಲಿ ಎರಡು ಮಾಡ್ಯೂಲ್, ಅಂದರೆ ಎರಡು ಕಂತು. ಒಂದೊಂದರಲ್ಲಿ 27 ಪ್ರಶ್ನೆ, 32 ನಿಮಿಷ. ಅಂದರೆ ಒಂದು ಪ್ರಶ್ನೆಗೆ 71 ಸೆಕೆಂಡು. ಪದಗಳ ಅರ್ಥದ ಪ್ರಶ್ನೆ, ಪ್ಯಾರಾ ಓದಿ ಉತ್ತರಿಸುವುದು, ವ್ಯಾಕರಣ, ಆಮೇಲೆ ವಾಕ್ಯಗಳನ್ನು ಜೋಡಿಸುವ ಪದ, ಎಲ್ಲ ಮುಗಿದ ಮೇಲೆ ತೀರಾ ಕೊನೆಗೆ ಈ ನೋಟ್ಸ್ ಪ್ರಶ್ನೆಗಳು. ಮಕ್ಕಳು ಮಧ್ಯದ ಕಷ್ಟದ ಪ್ಯಾರಾಗಳಲ್ಲಿ ಸಮಯ ಸುರಿದು, ಇಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತಾರೆ. ನನ್ನ ಮಗನಿಗೆ ಮೊದಲ ಪ್ರಾಕ್ಟೀಸ್ ಟೆಸ್ಟಿನಲ್ಲಿ ನಾಲ್ಕು ನೋಟ್ಸ್ ಪ್ರಶ್ನೆ ಬಾಕಿ ಇದ್ದಾಗ ಉಳಿದದ್ದು ಒಂದೇ ನಿಮಿಷ. ಕಣ್ಣು ಮುಚ್ಚಿ ಏನೋ ಒತ್ತಿದ. ಅವು ನಾಲ್ಕೂ ಅವನಿಗೆ ಬರುವಂಥವೇ ಆಗಿದ್ದವು. ಇನ್ನೊಂದು ವಿಷಯ ಇದೆ. ಮೊದಲ ಮಾಡ್ಯೂಲ್ ಹೇಗೆ ಮಾಡುತ್ತಾರೆ ಅನ್ನುವುದರ ಮೇಲೆ ಎರಡನೆಯದು ಸುಲಭದ್ದು ಬರುತ್ತದೋ ಕಷ್ಟದ್ದು ಬರುತ್ತದೋ ನಿರ್ಧಾರವಾಗುತ್ತದೆ. ಸುಲಭದ್ದು ಬಂದರೆ ದೊಡ್ಡ ಅಂಕಕ್ಕೆ ದಾರಿ ಮುಚ್ಚಿದಂತೆಯೇ. ಅದಕ್ಕೇ ಕೊನೆಯ ಈ ಸುಲಭದ ಪ್ರಶ್ನೆಗಳನ್ನು ಕಳೆದುಕೊಳ್ಳಬಾರದು.

ಸುಲಭದ್ದು ಅಂತ ಯಾಕೆ ಹೇಳುತ್ತೇನೆ ಗೊತ್ತಾ? ಅಲ್ಲಿ ಬರೆಯುವುದು ಏನೂ ಇಲ್ಲ. ವಿಷಯ ಮೊದಲೇ ಗೊತ್ತಿರಬೇಕಾಗಿಯೂ ಇಲ್ಲ. ಸಾಮಾನ್ಯವಾಗಿ ಒಂದೇ ಪಲ್ಲವಿ: ಒಬ್ಬ ವಿದ್ಯಾರ್ಥಿ ಒಂದು ವಿಷಯದ ಬಗ್ಗೆ ಓದುತ್ತಾ ಈ ನೋಟ್ಸ್ ಮಾಡಿಕೊಂಡಿದ್ದಾನೆ. ಕೆಳಗೆ ಬಿಡಿಬಿಡಿ ಸಾಲುಗಳು. ಅದರ ಕೆಳಗೆ, ವಿದ್ಯಾರ್ಥಿಗೆ ಇಂಥದ್ದು ಹೇಳಬೇಕಾಗಿದೆ, ಯಾವ ಆಪ್ಷನ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ ಅಂತ ಪ್ರಶ್ನೆ. ಈ "ಇಂಥದ್ದು" ಅನ್ನುವುದೇ ಇಡೀ ಪ್ರಶ್ನೆ. ಉಳಿದದ್ದೆಲ್ಲ ಸರಕು.

ಊರಿನದೇ ಉದಾಹರಣೆ ತಗೊಳ್ಳೋಣ. ನೋಟ್ಸ್ ಹೀಗಿದೆ ಅಂದುಕೋ.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ.
ಅದು ವಿಷ್ಣುವಿನ ದೇವಾಲಯ.
ಹಳೇಬೀಡಿನ ಹೊಯ್ಸಳೇಶ್ವರ ಶಿವನ ದೇವಾಲಯ.
ಎರಡರ ಕೆತ್ತನೆಯೂ ಬಳಪದ ಕಲ್ಲಿನಲ್ಲಿ.
2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ವಿದ್ಯಾರ್ಥಿಗೆ ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳ ನಡುವಿನ ಒಂದು ವ್ಯತ್ಯಾಸ ಹೇಳಬೇಕಿದೆ. ಆಪ್ಷನ್‌ಗಳು ಇವು. ಒಂದು, ಎರಡೂ ದೇವಾಲಯಗಳನ್ನು ಬಳಪದ ಕಲ್ಲಿನಲ್ಲಿ ಕೆತ್ತಲಾಗಿದೆ. ಎರಡು, ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ ಬೇಲೂರಿನಲ್ಲಿದೆ. ಮೂರು, ಬೇಲೂರಿನ ದೇವಾಲಯ ವಿಷ್ಣುವಿನದು, ಹಳೇಬೀಡಿನದು ಶಿವನದು. ನಾಲ್ಕು, ಬೇಲೂರಿನ ದೇವಾಲಯ 1117ರಷ್ಟು ಹಳೆಯದು, ಆದರೆ ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರಲ್ಲಿ.

ನಾಲ್ಕರಲ್ಲಿ ಒಂದಾದರೂ ಸುಳ್ಳು ಇದೆಯಾ? ಇಲ್ಲ. ನಿನ್ನ ಮಗಳು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಅವಳು ನೋಟ್ಸಿಗೆ ವಾಪಸ್ ಹೋಗಿ ಪ್ರತಿ ಸಾಲನ್ನೂ ತಾಳೆ ನೋಡುತ್ತಾಳೆ, ಎಲ್ಲ ಸರಿ ಬರುತ್ತದೆ, ಗಾಬರಿಯಾಗುತ್ತದೆ. ಅದರ ಬದಲು ಮೊದಲು ಪ್ರಶ್ನೆ ಮಾತ್ರ ನೋಡಲಿ. ಎರಡು ದೇವಾಲಯ, ಒಂದು ವ್ಯತ್ಯಾಸ. ಇಷ್ಟನ್ನು ಬಾಯಲ್ಲಿ ಇಟ್ಟುಕೊಂಡು ಆಪ್ಷನ್‌ಗಳಿಗೆ ಇಳಿಯಲಿ. ಮೊದಲನೆಯದು ಹೋಲಿಕೆ, ಹೋಯಿತು. ಎರಡನೆಯದರಲ್ಲಿ ಒಂದೇ ದೇವಾಲಯ, ಹೋಯಿತು. ನಾಲ್ಕನೆಯದರಲ್ಲಿ "ಆದರೆ" ಅಂತ ಇದೆ, ವ್ಯತ್ಯಾಸ ಅನ್ನಿಸುತ್ತದೆ, ಆದರೆ ಹಳೇಬೀಡು ಎಲ್ಲಿ? ಬೇಲೂರಿಗೂ ಬೇಲೂರಿಗೂ ಹೋಲಿಸಿದ್ದಾರೆ. ಮೂರನೆಯದೇ ಉತ್ತರ. ನೋಟ್ಸನ್ನು ನೋಡುವ ಅಗತ್ಯವೇ ಬೀಳಲಿಲ್ಲ. ರೂಢಿಯಾದರೆ ಇದು ಅರ್ಧ ನಿಮಿಷದ ಕೆಲಸ.

ಎರಡು ಆಪ್ಷನ್ ಉಳಿದು, ಯಾವುದು ಅಂತ ತಿಳಿಯದಿದ್ದರೆ ಆಗ ನೋಟ್ಸಿಗೆ ಹೋಗಲಿ. ಅಲ್ಲಿಯವರೆಗೆ ಬೇಡ.

ಈಗ ಅದೇ ನೋಟ್ಸ್ ಇಟ್ಟುಕೊಂಡು ಗುರಿ ಬದಲಾಯಿಸು. ಚೆನ್ನಕೇಶವ ದೇವಾಲಯದ ಬಗ್ಗೆ ಏನೂ ಗೊತ್ತಿಲ್ಲದ ಓದುಗರಿಗೆ ಅದನ್ನು ಪರಿಚಯಿಸಬೇಕು. ಆಗ ಎರಡನೆಯದೇ ಸರಿ. ಯಾರು ಮಾಡಿಸಿದ್ದು, ಯಾವಾಗಿನದು, ಎಲ್ಲಿದೆ, ಎಲ್ಲ ಇದೆ. ಒಂದು ಗಳಿಗೆ ಹಿಂದೆ ತಪ್ಪಾಗಿದ್ದ ಸಾಲು ಈಗ ಸರಿಯಾಯಿತು, ಸಾಲು ಮಾತ್ರ ಬದಲಾಗಲಿಲ್ಲ. ಗೊತ್ತಿರುವ ಓದುಗರು, ಗೊತ್ತಿಲ್ಲದ ಓದುಗರು ಅನ್ನುವ ಈ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷಿನಲ್ಲಿ "ಫೆಮಿಲಿಯರ್", "ಅನ್‌ಫೆಮಿಲಿಯರ್" ಅಂತ ಕೊಟ್ಟಿರುತ್ತಾರೆ, ಆ "ಅನ್" ಕಣ್ಣು ತಪ್ಪಿದರೆ ಮುಗಿಯಿತು. ಮಗಳಿಗೆ ಹೀಗೆ ಹೇಳು. ಊರಲ್ಲಿ ಅಜ್ಜಿಗೆ "ನಾಳೆ ಬೇಲೂರಿಗೆ ಹೋಗ್ತೀವಿ" ಅಂದರೆ ಸಾಕು. ಅದನ್ನೇ ಇಲ್ಲಿನ ಪಕ್ಕದ ಮನೆಯವರಿಗೆ ಹೇಳುವಾಗ ಬೇಲೂರು ಅಂದರೆ ಏನು ಅನ್ನುವುದನ್ನೂ ಸೇರಿಸುತ್ತೀಯ ಅಲ್ವಾ? ಬಂದ ದಿನದಿಂದ ಅವಳು ಶಾಲೆಯಲ್ಲಿ ಮಾಡುತ್ತಿರುವುದೇ ಅದು. ಮೂಡಿಗೆರೆ ಎಲ್ಲಿದೆ ಅಂತ ದಿನಾ ಯಾರಿಗಾದರೂ ಬಿಡಿಸಿ ಹೇಳುತ್ತಿರುತ್ತಾಳೆ. ಈ ವಿಷಯದಲ್ಲಿ ಅವಳು ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಿಂತ ಮುಂದೆ ಇದ್ದಾಳೆ.

ಸಂಶೋಧನೆಯ ನೋಟ್ಸ್ ಬಂದರೆ ಮೂರು ಬೇರೆ ಬೇರೆ ಗುರಿ ಇರಬಹುದು. ಯಾಕೆ ಮಾಡಿದರು, ಹೇಗೆ ಮಾಡಿದರು, ಏನು ಕಂಡರು. ಕಾಫಿ ತೋಟದ ನೆರಳು ಮರಗಳಲ್ಲಿ ಎಷ್ಟು ಬಗೆಯ ಹಕ್ಕಿ ಇವೆ ಅಂತ ತಿಳಿಯಲು ಒಬ್ಬಳು ಹೊರಟಳು ಅಂದುಕೋ. ಅದು ಉದ್ದೇಶ. ಬೆಳಗಿನ ಜಾವ ತೋಟದಲ್ಲಿ ನಿಂತು ಎಣಿಸಿದಳು, ಅದು ವಿಧಾನ. ನೆರಳು ಜಾಸ್ತಿ ಇದ್ದಲ್ಲಿ ಹಕ್ಕಿಯೂ ಜಾಸ್ತಿ ಕಂಡಿತು, ಅದು ಫಲ. ಉದ್ದೇಶ ಕೇಳಿದಾಗ ಫಲದ ಸಾಲು ತುಂಬಾ ಆಸೆ ಹುಟ್ಟಿಸುತ್ತದೆ, ಯಾಕೆಂದರೆ ಅದೇ ಮುಖ್ಯ ಅನ್ನಿಸುತ್ತದೆ. ಮುಖ್ಯವೋ ಅಲ್ಲವೋ ಯಾರೂ ಕೇಳಿಲ್ಲ. ಕೆಲವು ಸಲ ಗುರಿಯಲ್ಲೇ ಎರಡು ತುಂಡು ಇರುತ್ತದೆ, ಉದ್ದೇಶವನ್ನೂ ವಿಧಾನವನ್ನೂ ಹೇಳಬೇಕು ಅಂತ. ಆಗ ಎರಡೂ ಇರುವ ಆಪ್ಷನ್ನೇ ಬೇಕು. ಉದ್ದವಾಗಿದೆ, ಇಂಗ್ಲಿಷ್ ಚೆಂದ ಇದೆ ಅಂತ ಯಾವುದನ್ನೂ ಆರಿಸಬಾರದು. ಇಲ್ಲಿ ವ್ಯಾಕರಣದ ಪರೀಕ್ಷೆ ನಡೆಯುತ್ತಿಲ್ಲ.

ನಮ್ಮ ಮಕ್ಕಳಿಗೆ ಇದು ಯಾಕೆ ಕಷ್ಟವಾಗುತ್ತದೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ಇಂಗ್ಲಿಷ್ ಕಾರಣ ಅಲ್ಲ. ನಾವು ಓದಿದ ರೀತಿ ಬೇರೆ. ಪಿಯುಸಿಯಲ್ಲಿ ನಮಗೆ ಹೇಳಿಕೊಟ್ಟಿದ್ದು, ಗೊತ್ತಿರುವುದನ್ನೆಲ್ಲ ಬರಿ, ಅಡಿಷನಲ್ ಶೀಟ್ ತಗೋ, ಎಲ್ಲಾದರೂ ಒಂದು ಕಡೆ ಅಂಕ ಬಿದ್ದೇ ಬೀಳುತ್ತದೆ ಅಂತ. ಆ ಪರೀಕ್ಷೆಗೆ ಅದು ಸರಿಯಾದ ಬುದ್ಧಿಯೇ. ನಿನ್ನ ಮಗಳೂ ಹತ್ತನೇ ತರಗತಿವರೆಗೆ ಹಾಗೇ ಓದಿ ಬಂದವಳು. ಹೆಚ್ಚು ವಿಷಯ ತುಂಬಿರುವ ಸಾಲನ್ನು ಕಂಡರೆ ಅವಳ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಅವಳ ಮೇಲೆ ರೇಗಬೇಡ.

ನನಗೂ ಹೀಗೇ ಆಗಿತ್ತು, ಪರೀಕ್ಷೆಯಲ್ಲಲ್ಲ. ಬಂದ ಮೊದಲ ವರ್ಷ ಬೆನ್ನುನೋವಿಗೆ ಡಾಕ್ಟರ ಹತ್ತಿರ ಹೋದೆ. ಇವತ್ತು ಏನು ತೊಂದರೆ ಅಂತ ಕೇಳಿದರು. ನಾನು ಹಾಸನದಲ್ಲಿ ಸ್ಕೂಟರಿನಿಂದ ಬಿದ್ದದ್ದು, ಹೆರಿಗೆ, ಅಮ್ಮ ಕಷಾಯ ಕೊಟ್ಟದ್ದು, ಎಲ್ಲ ಹೇಳಿದೆ. ನೋವು ಎಲ್ಲಿ, ಯಾವಾಗಿನಿಂದ ಅನ್ನುವಷ್ಟರಲ್ಲಿ ನನಗೆ ಕೊಟ್ಟ ಸಮಯ ಮುಗಿದಿತ್ತು. ಮನೆಗೆ ಬಂದು ಅತ್ತೆ. ಹೇಳಿದ್ದೆಲ್ಲ ನಿಜವೇ ಆಗಿತ್ತು. ಇನ್ನೊಂದು ಸಲ ಹೋಗುವಾಗ ಮೂರು ಸಾಲು ಚೀಟಿಯಲ್ಲಿ ಬರೆದುಕೊಂಡು ಹೋದೆ. ಇಲ್ಲಿ ಬ್ಯಾಂಕು, ಶಾಲೆ, ಆಫೀಸು ಎಲ್ಲ ಕಡೆ ಅದೇ ಚೀಟಿಯ ಅಭ್ಯಾಸ ನನ್ನನ್ನು ಕಾಪಾಡಿದೆ. ಬದುಕು ಹೇಗಕ್ಕ ಅಂತ ಕೇಳಿದ್ದೆಯಲ್ಲ, ಒಂದು ಭಾಗ ಇದು. ಮೊದಲ ಚಳಿಗಾಲ ಎಲ್ಲರಿಗೂ ಭಾರ. ಲೈಬ್ರರಿ ಕಾರ್ಡ್ ಮಾಡಿಸಿಕೋ, ದಿನಾ ಅಷ್ಟು ದೂರ ನಡೆದು ಹೋಗಿ ಬಾ, ಹಗುರವಾಗುತ್ತದೆ.

ಈಗ ಪರೀಕ್ಷೆಯ ದಿನಕ್ಕೆ ಬರೋಣ. ಒಂದು ಮಾಡ್ಯೂಲಿನ ಒಳಗೆ ಹಿಂದೆ ಮುಂದೆ ಓಡಾಡಬಹುದು. ನನ್ನ ಮಗ ನೇರವಾಗಿ ಕೊನೆಗೆ ಹೋಗಿ ನೋಟ್ಸ್ ಪ್ರಶ್ನೆಗಳನ್ನು ಮುಗಿಸಿ, ಆಮೇಲೆ ಮೊದಲಿಗೆ ಬರುತ್ತಿದ್ದ. ಅವನಿಗೆ ಅದು ಒಳ್ಳೆಯದಾಯಿತು. ಎಲ್ಲರಿಗೂ ಹಾಗೇ ಅಂತ ಹೇಳಲಾರೆ. ಮಗಳು ಒಂದು ಟೆಸ್ಟ್ ಹಾಗೆ, ಒಂದು ಟೆಸ್ಟ್ ಹೀಗೆ ಮಾಡಿ ನೋಡಲಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಬೇಡದ ಆಪ್ಷನ್ ಮೇಲೆ ಗೆರೆ ಎಳೆಯುವ ಸೌಲಭ್ಯ ಪರದೆಯಲ್ಲೇ ಇದೆ, ಮೊದಲೇ ಕೈಗೆ ಅಭ್ಯಾಸ ಮಾಡಿಕೊಳ್ಳಲಿ.

ಕೋಚಿಂಗಿಗೆ ದುಡ್ಡು ಕೊಡುವ ಮುಂಚೆ ನಿಲ್ಲು. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡಿನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ತಿ ಅಳತೆಯ ಪ್ರಾಕ್ಟೀಸ್ ಟೆಸ್ಟ್‌ಗಳು ಬಿಟ್ಟಿಯಾಗಿ ಸಿಗುತ್ತವೆ. ಖಾನ್ ಅಕಾಡೆಮಿಯಲ್ಲಿ ಪಾಠಗಳೂ ಬಿಟ್ಟಿ. ಅವು ಮುಗಿದ ಮೇಲೆ ಬೇಕಾದರೆ ನೋಡು. ದುಡ್ಡಿನ ತೊಂದರೆ ಇದ್ದರೆ ಶಾಲೆಯ ಕೌನ್ಸಿಲರ್ ಹತ್ತಿರ ಹೋಗಿ ಕೇಳು. ಕಡಿಮೆ ಆದಾಯದ ಮನೆಗಳ ಹನ್ನೊಂದು, ಹನ್ನೆರಡನೇ ತರಗತಿಯವರಿಗೆ ಶುಲ್ಕ ಮಾಫಿ ಇದೆ. ಕೇಳುವುದಕ್ಕೆ ಸಂಕೋಚ ಬೇಡ. ಇಲ್ಲಿ ಯಾರೂ ತಾವಾಗಿ ಬಂದು ಹೇಳುವುದಿಲ್ಲ, ಕೇಳಿದರೆ ಮಾತ್ರ ತಾಳ್ಮೆಯಿಂದ ಹೇಳುತ್ತಾರೆ. ಎಲ್ಲ ಕಾಲೇಜಿಗೂ ಈ ಅಂಕ ಬೇಕಾಗಿಲ್ಲ ಅನ್ನುವುದೂ ತಿಳಿದಿರಲಿ. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪ್ರವೇಶ ಕೊಡುವಾಗ ಅದನ್ನು ನೋಡುವುದೇ ಇಲ್ಲ.

ಹೆಸರಿನ ವಿಷಯ ಮರೆಯಬೇಡ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಳ್ಳುತ್ತೇವೆ. ಪಾಸ್‌ಪೋರ್ಟಿನಲ್ಲಿ ಅದು ಅಪ್ಪನ ಹೆಸರೋ ಊರಿನ ಹೆಸರೋ ಆಗಿ ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಶಾಲೆಯ ದಾಖಲೆಯಲ್ಲಿ ಇನ್ನೊಂದು ಥರ. ಪರೀಕ್ಷೆಗೆ ನೋಂದಾಯಿಸಿದ ಹೆಸರು, ಅಂದು ತೋರಿಸುವ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಇವತ್ತೇ ಎರಡನ್ನೂ ಪಕ್ಕದಲ್ಲಿಟ್ಟು ನೋಡು.

ಇವತ್ತು ರಾತ್ರಿ ಊಟ ಆದಮೇಲೆ ಆ ಬೇಲೂರಿನ ನೋಟ್ಸನ್ನು ಮಗಳಿಗೆ ಕೊಡು, ಆಪ್ಷನ್‌ಗಳನ್ನು ಮುಚ್ಚಿಡು. ಹೊಸ ಗುರಿ ಇದು: ಚೆನ್ನಕೇಶವ ದೇವಾಲಯ ಗೊತ್ತಿರುವ, ಹಳೇಬೀಡು ಗೊತ್ತಿಲ್ಲದ ಓದುಗರಿಗೆ ಹೊಯ್ಸಳೇಶ್ವರ ದೇವಾಲಯವನ್ನು ಪರಿಚಯಿಸಬೇಕು. ಒಂದೇ ಸಾಲು. ಅವಳೇ ಬರೆಯಲಿ, ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. ಬರೆದದ್ದನ್ನು ನನಗೆ ಕಳಿಸು.