ಓದುಗರ ಪ್ರಶ್ನೆ: ಲಾಕ್‌ಡೌನ್ ಕಾಲದ ದುಡಿಮೆಯ ಲೆಕ್ಕ

ಪ್ರಶ್ನೆ: 2020ರಲ್ಲಿ ಕಂಡಕಂಡವರೆಲ್ಲ ಕೆಲಸ ಕಳೆದುಕೊಂಡಿದ್ದರು. ಆದರೆ ಕೇಂದ್ರ ಸರ್ಕಾರದ ಪಿಎಲ್‌ಎಫ್‌ಎಸ್ (ದುಡಿಯುವವರ, ಕೆಲಸ ಹುಡುಕುವವರ ಲೆಕ್ಕ ತೆಗೆಯುವ) ಸಮೀಕ್ಷೆಯಲ್ಲಿ ನಿರುದ್ಯೋಗ 2018-19ರಲ್ಲಿ ಶೇ 5.8, 2019-20ರಲ್ಲಿ ಶೇ 4.8, 2020-21ರಲ್ಲಿ ಶೇ 4.2. ಇಳಿಯುತ್ತಲೇ ಹೋಗಿದೆ! ಮಕ್ಕಳಿಗೆ ಇದನ್ನು ಹೇಗೆ ವಿವರಿಸಲಿ?
– ಅರ್ಥಶಾಸ್ತ್ರ ಉಪನ್ಯಾಸಕರು, ಸಿಂದಗಿ

ಉತ್ತರ: ಬೋರ್ಡಿನ ಮೇಲೆ ಒಂದು ಊರು ಬರೆಯಿರಿ. ವಯಸ್ಕರು 100. ಅವರಲ್ಲಿ 50 ಜನ ದುಡಿಯುತ್ತಾರೆ, 5 ಜನ ಕೆಲಸ ಹುಡುಕುತ್ತಿದ್ದಾರೆ. ನಿರುದ್ಯೋಗ ದರವೆಂದರೆ 55ಕ್ಕೆ 5, ಶೇ 9.1. ಈಗ ಆ 50ರಲ್ಲೇ ಪಟ್ಟಣದಲ್ಲಿ ಕೂಲಿಗಿದ್ದ 10 ಜನ ಕೆಲಸ ಹೋಗಿ ಊರಿಗೆ ಬಂದು ಅಣ್ಣನ ಹೊಲದಲ್ಲಿ ಕೈಜೋಡಿಸಿದರು. ಹುಡುಕುತ್ತಿದ್ದ ಐವರಲ್ಲಿ ಮೂವರು ಅದೇ ದಾರಿ ಹಿಡಿದರು. ಮನೆಯ ಆದಾಯ ಕುಸಿದಾಗ, ಅದುವರೆಗೆ ಲೆಕ್ಕಕ್ಕೇ ಬಾರದಿದ್ದ ನಾಲ್ವರು ಹೆಣ್ಣುಮಕ್ಕಳು ಕುರಿ, ಕಳೆ ಎಂದು ನಿಂತರು. ದುಡಿಯುವವರು 57, ಹುಡುಕುವವರು 2. ದರ 59ಕ್ಕೆ 2, ಅಂದರೆ ಶೇ 3.4! ಹತ್ತು ಸಂಬಳ ಹೋಗಿವೆ, ನಿರುದ್ಯೋಗ ಇಳಿದಿದೆ.

ದೇಶದ ಅಂಕಿಗಳೂ ಇದೇ ದಿಕ್ಕಿಗೆ ಸರಿದವು. ಒಟ್ಟು ದುಡಿಯುವವರಲ್ಲಿ ಕೃಷಿಯ ಪಾಲು 2018-19ರಲ್ಲಿ ಶೇ 42.5 ಇದ್ದದ್ದು ಮುಂದಿನ ಎರಡು ವರ್ಷಗಳಲ್ಲಿ 45.6, 46.5 ಆಯಿತು. 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರ ಪಾಲು ಶೇ 24.5ರಿಂದ 30ಕ್ಕೆ, ಬಳಿಕ 32.5ಕ್ಕೆ ಏರಿತು. ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದೆ ಮನೆಯ ಹೊಲದಲ್ಲಿ ದುಡಿದರೂ ಅದು ಉದ್ಯೋಗವೇ. ಈ ದರಗಳು 'ಸಾಮಾನ್ಯ ಸ್ಥಿತಿ'ಯವು: ಹಿಂದಿನ 365 ದಿನ ನೋಡುತ್ತಾರೆ, ಪೂರಕ ಕೆಲಸ 30 ದಿನ ಇದ್ದರೂ ಸಾಕು. ಆಗ ಸಮೀಕ್ಷೆಯ ವರ್ಷ ಜುಲೈಯಿಂದ ಜೂನ್‌ವರೆಗೆ ಇತ್ತು; ಹಾಗಾಗಿ 2019-20ರಲ್ಲಿ ಲಾಕ್‌ಡೌನ್ ಸಿಕ್ಕಿದ್ದು ಕೊನೆಯ ಮೂರು ತಿಂಗಳು ಮಾತ್ರ.

ಹೊಡೆತ ಕಾಣಬೇಕಾದರೆ ಹಿಂದಿನ ಏಳು ದಿನ ಮಾತ್ರ ನೋಡುವ ವಾರದ ಲೆಕ್ಕ ತೆಗೆಯಿರಿ. ಅದೇ ಸಮೀಕ್ಷೆಯ ನಗರ ತ್ರೈಮಾಸಿಕ ವರದಿಯಲ್ಲಿ 2020ರ ಏಪ್ರಿಲ್–ಜೂನ್ ದರ ಶೇ 20 ದಾಟಿತ್ತು. ಅದರ ಹಿಂದಿನ ತ್ರೈಮಾಸಿಕದಲ್ಲಿ ಶೇ 9ರ ಆಸುಪಾಸು. ಅದೂ ವಾರದಲ್ಲಿ ಒಂದು ಗಂಟೆ ದುಡಿದವರನ್ನು ಉದ್ಯೋಗಿ ಎಂದೇ ಹಿಡಿದು. ಕಾರ್ಖಾನೆ ಮುಚ್ಚಿದ್ದರೂ ಹಾಜರಿಯಲ್ಲಿ ಹೆಸರಿದ್ದು ಮನೆಯಲ್ಲಿ ಕಾಯುತ್ತಿದ್ದವರೂ ಉದ್ಯೋಗಿಗಳೇ. ಖಾಸಗಿ ಸಂಸ್ಥೆ ಸಿಎಂಐಇ ಕೇಳುವುದು ಸಮೀಕ್ಷೆಯ ದಿನದ ಸ್ಥಿತಿಯನ್ನು. ಅದರ ಏಪ್ರಿಲ್ ದರ ಶೇ 23 ಮೀರಿದ್ದಕ್ಕೆ ಅದೂ ಒಂದು ಕಾರಣ. ಸುಳ್ಳು ಯಾರೂ ಹೇಳಿಲ್ಲ, ಕೇಳಿದ ಪ್ರಶ್ನೆ ಬೇರೆ. ಮಕ್ಕಳಿಗೆ ದರಕ್ಕಿಂತ ಮೊದಲು 'ಯಾವ ಬಗೆಯ ಕೆಲಸ' ಎಂಬ ಕೋಷ್ಟಕ ತೋರಿಸಿ: ಮಾಸಿಕ ಸಂಬಳ, ದಿನಗೂಲಿ, ಸ್ವಂತ ದುಡಿಮೆ, ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದ ದುಡಿಮೆ. ಅದರಲ್ಲಿ ಬಿರುಕು ಕಾಣುತ್ತದೆ.

ಪ್ರಶ್ನೆ: ಆ ವರ್ಷ ಗುಳೆ ಹೋದವರು ಎಷ್ಟು ಮಂದಿ ನಮ್ಮ ಪಂಚಾಯಿತಿಗೆ ವಾಪಸ್ ಬಂದರು ಎಂದು ಉದ್ಯೋಗ ಖಾತ್ರಿ ಅಂಕಿಗಳಿಂದ ತಿಳಿಯಬಹುದೇ?
– ಗ್ರಾಮ ಪಂಚಾಯಿತಿ ಸದಸ್ಯರು, ದೇವದುರ್ಗ ತಾಲ್ಲೂಕು

ಉತ್ತರ: ಅಂದಾಜು ಸಿಗುತ್ತದೆ, ತಲೆ ಎಣಿಕೆ ಸಿಗದು. ದೇಶದಲ್ಲಿ ನರೇಗಾ (ಉದ್ಯೋಗ ಖಾತ್ರಿ) ಮಾನವ ದಿನಗಳು, ಅಂದರೆ ಒಬ್ಬರ ಒಂದು ದಿನದ ಕೆಲಸದ ಲೆಕ್ಕದಲ್ಲಿ, 2019-20ರಲ್ಲಿ ಸುಮಾರು 265 ಕೋಟಿ ಇದ್ದವು, 2020-21ರಲ್ಲಿ 389 ಕೋಟಿ ಆದವು. ಕೆಲಸ ಪಡೆದ ಕುಟುಂಬಗಳು 5.48 ಕೋಟಿಯಿಂದ 7.55 ಕೋಟಿಗೆ ಏರಿದವು. ಕರ್ನಾಟಕದಲ್ಲಿ ಕೂಲಿಯೂ 249ರಿಂದ 275 ರೂಪಾಯಿ ಆಗಿತ್ತು. ಬೇಡಿಕೆ ಏರಿದ್ದರಲ್ಲಿ ಅದಕ್ಕೂ ಒಂದು ಪಾಲು ಕೊಡಿ.

ನಿಮ್ಮ ಪಂಚಾಯಿತಿಯ ತಿಂಗಳವಾರು ಪಟ್ಟಿ ತೆಗೆದು 2020ರ ಮೇ ತಿಂಗಳನ್ನು 2019ರ ಮೇ ಜೊತೆ ಹೋಲಿಸಿ. ಏಪ್ರಿಲ್ ಜೊತೆ ಹೋಲಿಸಿದರೆ ಕೆಟ್ಟಿತು: ಬೇಸಿಗೆಯಲ್ಲಿ ಬೇಡಿಕೆ ಏರುವುದು, ಬಿತ್ತನೆಗೆ ಇಳಿಯುವುದು ಪ್ರತಿ ವರ್ಷದ ಮಾತು. ಹೊಸ ಜಾಬ್ ಕಾರ್ಡ್‌ಗಳ ಸಂಖ್ಯೆ, ಹಳೆಯ ಕಾರ್ಡ್‌ಗೆ ಸೇರಿಸಿದ ಹೆಸರುಗಳು, ವರ್ಷಗಟ್ಟಲೆ ಬಳಸದೆ ಆಗಷ್ಟೇ ಎನ್‌ಎಂಆರ್‌ನಲ್ಲಿ (ಕೂಲಿಕಾರರ ಹಾಜರಿ ಪಟ್ಟಿ) ಕಾಣಿಸಿಕೊಂಡ ಕಾರ್ಡ್‌ಗಳು, ಈ ಮೂರನ್ನು ಕೂಡಿಸಿ. ವಾಪಸ್ ಬಂದವರ ಗುರುತು ಹೆಚ್ಚಾಗಿ ಮೂರನೆಯದರಲ್ಲೇ ಇರುತ್ತದೆ.

ಎರಡು ಕಡೆ ಲೆಕ್ಕ ದಾರಿ ತಪ್ಪಿಸುತ್ತದೆ. 'ಬೇಡಿಕೆ' ಕಾಲಂ ನಂಬಬೇಡಿ. ಎಷ್ಟೋ ಕಡೆ ಕಾಮಗಾರಿ ಸಿಕ್ಕ ಮೇಲೆಯೇ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿಸಿ ಕಂಪ್ಯೂಟರ್‌ಗೆ ಹಾಕುತ್ತಿದ್ದರು, ಕೇಳಿ ಬರಿಗೈಲಿ ಹೋದವರು ದಾಖಲೆಯಲ್ಲೇ ಇರುವುದಿಲ್ಲ. ಆ ದಿನಗಳ ಕಾಯಕ ಬಂಧುಗಳನ್ನು (ಕೂಲಿಕಾರರ ಗುಂಪಿನ ಮೇಟಿಗಳನ್ನು) ವಿಚಾರಿಸಿ, ಅವರಿಗೆ ಹೆಸರು ಸಮೇತ ನೆನಪಿರುತ್ತದೆ. ಇನ್ನೊಂದು, ಆಗ 100 ದಿನದ ಮಿತಿ ಇದ್ದದ್ದು ಕುಟುಂಬಕ್ಕೆ, ಒಬ್ಬೊಬ್ಬರಿಗಲ್ಲ. ಒಂದೇ ಕಾರ್ಡಿನಲ್ಲಿ ನಾಲ್ವರು ದುಡಿದರೆ 25 ದಿನಕ್ಕೆ ಮುಗಿಯಿತು. ಆಮೇಲೆ ಮಾನವ ದಿನಗಳು ಕುಸಿದದ್ದನ್ನು ಕಂಡು 'ಎಲ್ಲರೂ ಮತ್ತೆ ಬೆಂಗಳೂರಿಗೆ ಹೋದರು' ಎಂದು ಬರೆಯಬೇಡಿ.

ಮರಳಿದ ಕಾರ್ಮಿಕರಿಗೆಂದು 2020ರ ಜೂನ್‌ನಲ್ಲಿ ಕೇಂದ್ರ ಶುರು ಮಾಡಿದ ಗರೀಬ್ ಕಲ್ಯಾಣ್ ರೋಜ್‌ಗಾರ್ ಅಭಿಯಾನದ ಅಂಕಿ ಹುಡುಕುವ ಶ್ರಮ ಬೇಡ. ಅದು ಆರು ರಾಜ್ಯಗಳ 116 ಜಿಲ್ಲೆಗಳಿಗೆ ಸೀಮಿತ, ಕರ್ನಾಟಕ ಅದರಲ್ಲಿರಲಿಲ್ಲ.

ಪ್ರಶ್ನೆ: ಹಳ್ಳಿಯಲ್ಲಿ ಕೆಲಸವಿಲ್ಲ, ಬೆಂಗಳೂರಲ್ಲಿ ಕಟ್ಟಡಕ್ಕೆ ಆಳಿಲ್ಲ. ಒಂದೇ ಹೊತ್ತಿಗೆ ಎರಡೂ ಹೇಗೆ?
– ಓದುಗರು, ಕಲಬುರಗಿ

ಉತ್ತರ: ಆಳು ಅಂದರೆ ಎಲ್ಲ ಆಳೂ ಒಂದೇ ಅಲ್ಲ. ದೊಡ್ಡ ಕಟ್ಟಡಗಳಲ್ಲಿ ಸೆಂಟ್ರಿಂಗ್, ಕಂಬಿ ಕಟ್ಟುವುದು, ಟೈಲ್ಸ್ ಹಾಕುವುದು ಬಹುಪಾಲು ಬಿಹಾರ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದ ತಂಡಗಳ ಕೈಯಲ್ಲಿತ್ತು. ಅವರು ಹೊರಟರೆ ಮಣ್ಣು ಹೊರುವ ಕೈಗಳು ಆ ಜಾಗ ತುಂಬಲಾರವು. 2020ರ ಮೇ ಮೊದಲ ವಾರ ರಾಜ್ಯ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ಬೆನ್ನಿಗೇ ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲು ಬೇಡವೆಂದದ್ದು, ಟೀಕೆ ಬಂದಾಗ ಒಂದೆರಡು ದಿನದಲ್ಲೇ ಮತ್ತೆ ಬೇಕೆಂದದ್ದು ಈ ಕಾರಣಕ್ಕೇ. ಆಳು ಬೇಕಿದ್ದರೆ ಬಾಕಿ ಕೂಲಿ ಚುಕ್ತಾ ಮಾಡಿ ಉಳಿಸಿಕೊಳ್ಳಬೇಕಿತ್ತು, ರೈಲು ನಿಲ್ಲಿಸಿ ಅಲ್ಲ.

ಪ್ರಶ್ನೆ: ಗಾರ್ಮೆಂಟ್ಸ್ ಮುಚ್ಚಿದರೆ ಇಎಸ್‌ಐನಿಂದ ಹಣ ಬರುತ್ತದಂತೆ, ನಿಜವೇ? ಎಷ್ಟು?
– ಹೊಲಿಗೆ ಕೆಲಸಗಾರ್ತಿ, ಮದ್ದೂರು

ಉತ್ತರ: ನಿಜ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅದರ ಹೆಸರು. ಜೀವನದಲ್ಲಿ ಒಟ್ಟು 90 ದಿನದವರೆಗೆ, ಸರಾಸರಿ ದಿನಗಳಿಕೆಯ ಅರ್ಧ. 2020ಕ್ಕೆ ಮೊದಲು ಕಾಲು ಭಾಗವಿತ್ತು, ಕೋವಿಡ್ ಹೊತ್ತಿಗೆ ಅರ್ಧ ಮಾಡಿದರು. ನಾಲ್ಕು ವಂತಿಗೆ ಅವಧಿಗಳ, ಅಂದರೆ ಎರಡು ವರ್ಷದ, ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ತಿಂಗಳಿಗೆ 11,000 ಪಡೆದಿದ್ದರೆ ಗಳಿಕೆ 2,64,000, ದಿನಕ್ಕೆ ಸುಮಾರು 362, ಅದರರ್ಧ 181, 90 ದಿನಕ್ಕೆ ಹತ್ತಿರಹತ್ತಿರ 16,270 ರೂಪಾಯಿ. ಎರಡು ವರ್ಷ ಇಎಸ್‌ಐ ವಿಮೆಯಲ್ಲಿದ್ದಿರಬೇಕು. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ ಕನಿಷ್ಠ 78 ದಿನ, ಉಳಿದ ಮೂರರಲ್ಲಿ ಒಂದರಲ್ಲಿ ಇನ್ನೂ 78 ದಿನ ವಂತಿಗೆ ಕಟ್ಟಿರಬೇಕು.

ಕೆಲಸ ಹೋಗಿ 30 ದಿನ ಕಳೆದ ಮೇಲೆ ನೀವೇ ನೇರವಾಗಿ ಅರ್ಜಿ ಹಾಕಬಹುದು, ಮಾಲೀಕರ ಕೈ ಕಾಯಬೇಕಿಲ್ಲ. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹೆಸರು ಒಂದೇ ರೀತಿ ಇರಲಿ. ಮುಖ್ಯವಾಗಿ, ಕಾರ್ಖಾನೆ ಮುಚ್ಚುವ ಹೊತ್ತಲ್ಲಿ ಮುಂದಿಡುವ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಿ. ತಾನಾಗಿ ಬಿಟ್ಟವರಿಗೆ ಈ ಹಣವಿಲ್ಲ. ಯೋಜನೆಯನ್ನು ಅವಧಿ ಅವಧಿಗೆ ವಿಸ್ತರಿಸುತ್ತಾ ಬಂದಿದ್ದಾರೆ, ಆದ್ದರಿಂದ ಅರ್ಜಿಗೆ ಮುನ್ನ ನಿಮ್ಮ ಇಎಸ್‌ಐ ಶಾಖಾ ಕಚೇರಿಯಲ್ಲಿ ಅದು ಜಾರಿಯಲ್ಲಿದೆಯೇ ಎಂದು ಕೇಳಿ.