ಬಡಾವಣೆ ರಸ್ತೆಗೆ ಹಂಪ್ ಹಾಕಿಸಿದರೆ ವೇಗ ನಿಜಕ್ಕೂ ಕಡಿಮೆಯಾಗುತ್ತಾ?

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನ ಬಡಾವಣೆ, ಎರಡು ಮೇನ್ ರೋಡ್‌ಗಳ ನಡುವೆ ಸುಮಾರು ನಾನೂರು ಮೀಟರಿನ ನೇರ ಕ್ರಾಸ್, ಸಿಗ್ನಲ್ ತಪ್ಪಿಸುವ ಕ್ಯಾಬು, ಬೈಕುಗಳೆಲ್ಲ ಅಲ್ಲೇ ನುಗ್ಗುತ್ತವೆ. ಸಂಘದವರು ಹಂಪ್ ಬೇಕೇ ಬೇಕು ಅಂತಾರೆ. ಪಕ್ಕದ ಮನೆಯವರು ಸೊಂಟನೋವಿನ ಮಾತೆತ್ತಿ ಬೇಡ ಅಂತಾರೆ. ಯಾರ ಮಾತು ಕೇಳೋದು?

ನಾನು ರಸ್ತೆ ಕೆಲಸದಲ್ಲಿರುವ ಸಿವಿಲ್ ಇಂಜಿನಿಯರ್. ಸಂಘದವರು ಹೇಳುತ್ತಿರುವುದು ಸರಿಯಾಗಿ ಕಟ್ಟಿದ ಹಂಪ್ ಬಗ್ಗೆ, ಪಕ್ಕದ ಮನೆಯವರು ಹೇಳುತ್ತಿರುವುದು ನಮ್ಮೂರಲ್ಲಿ ಸಾಮಾನ್ಯವಾಗಿ ಕಾಣುವ ಟಾರಿನ ಗುಡ್ಡೆ ಬಗ್ಗೆ. ಎರಡೂ ನಿಜ.

ಜನ ಎತ್ತರ ಕೇಳ್ತಾರೆ. "ಇನ್ನೊಂದು ನಾಲ್ಕು ಇಂಚು ಏರಿಸಿ ಸಾರ್, ಆಗ ಬುದ್ಧಿ ಬರುತ್ತೆ" ಅಂತ. ಕೆಲಸ ಮಾಡೋದು ಅಗಲ. ಒಂದಡಿ ಅಗಲದ ದಿಂಡಿನ ಮೇಲೆ ಜೋರಾಗಿ ಬಂದ ಕಾರಿನ ಬಾಡಿ ಮೇಲೇಳುವಷ್ಟರಲ್ಲಿ ಚಕ್ರ ದಾಟಿ ಹೋಗಿರುತ್ತೆ, ಏಟನ್ನು ಟೈರು, ಸ್ಪ್ರಿಂಗು ನುಂಗಿಕೊಳ್ಳುತ್ತವೆ. ವೇಗ ಹೆಚ್ಚಿದ ಮಾತ್ರಕ್ಕೆ ಡ್ರೈವರ್‌ಗೆ ಏಟೇನೂ ಹೆಚ್ಚಾಗಲ್ಲ. ಮೆಲ್ಲಗೆ ಬರುವ ಆಟೋದಲ್ಲಿ ಕೂತ ಅಜ್ಜಿಗೆ ಮಾತ್ರ ಪೂರ್ತಿ ಏಟು. ಅಂದರೆ ಶಿಕ್ಷೆ ಆಗೋದು ತಪ್ಪು ಮಾಡದವರಿಗೆ. ಅಗಲವಾದ ಹಂಪ್ ಮೇಲೆ ಹಾಗಲ್ಲ, ಇಡೀ ಗಾಡಿ ಏರಿ ಇಳಿಯಲೇಬೇಕು. 25ರಲ್ಲಿ ಬಂದವನಿಗೆ ಆರಾಮ, 45ರಲ್ಲಿ ಬಂದವನನ್ನು ಸೀಟಿಂದ ಎತ್ತಿ ಹಾಕುತ್ತೆ.

ಈ ಆಕಾರ ಬ್ರಿಟನ್ನಿನ ಸಾರಿಗೆ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಪರೀಕ್ಷೆಯಾಗಿ ಬಂದದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೂಡ 1988ರ ಐಆರ್‌ಸಿ 99 ಮಾರ್ಗಸೂಚಿಯಲ್ಲಿ ಅದೇ ಅಳತೆ ಕೊಟ್ಟಿತು: ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು, ದಾಟುವ ವೇಗ ಗಂಟೆಗೆ 25 ಕಿಲೋಮೀಟರ್. 2018ರಲ್ಲಿ ಆ ಮಾರ್ಗಸೂಚಿ ಪರಿಷ್ಕರಣೆಯಾಗಿದೆ. ಈಗ ನಿಮ್ಮ ಸುತ್ತಮುತ್ತ ಕಂಡ ಹಂಪನ್ನೊಮ್ಮೆ ನೆನಪಿಸಿಕೊಳ್ಳಿ!

ಅದು ಬರೀ ಗುಡ್ಡೆ ಯಾಕಾಗುತ್ತೆ ಗೊತ್ತಾ? ಟಾರು ಹಾಕುವ ದಿನ ಸಂಜೆ, ಕೆಲಸ ಮುಗಿಯುವ ಹೊತ್ತಿಗೆ, ಲಾರಿಯಲ್ಲಿ ಉಳಿದ ಬಿಸಿ ಮಾಲನ್ನು ಅಡ್ಡಕ್ಕೆ ಸುರೀತಾರೆ. ಇಬ್ಬರು ಅದನ್ನು ಎಳೆದು ಹರಡ್ತಾರೆ, ರೋಲರ್ ಎರಡು ಸಲ ಹತ್ತಿ ಇಳಿಯುತ್ತೆ. ಅಳತೆ ಅಂದರೆ ಮೇಸ್ತ್ರಿ ಕಣ್ಣು. ಇದಕ್ಕೆ ಬೇಕಾಗಿರೋದು ಕಮಾನಿನ ಆಕಾರಕ್ಕೆ ಕತ್ತರಿಸಿದ ಒಂದು ಪ್ಲೈವುಡ್ ಅಚ್ಚು, ಅಷ್ಟೇ. ನೀವೇ ಪರೀಕ್ಷೆ ಮಾಡಬಹುದು. ಹಂಪ್‌ನ ನೆತ್ತಿಯ ಮಟ್ಟಕ್ಕೆ ದಾರ ಎಳೆದು ಕೆಳಕ್ಕೆ ಟೇಪು ಹಿಡಿಯಿರಿ, ಬಂದ ಅಳತೆಯನ್ನು 10 ಸೆಂಟಿಮೀಟರಿನಿಂದ ಕಳೆದರೆ ಅಲ್ಲಿನ ಎತ್ತರ. ನಡುವಿನಿಂದ ಒಂದು ಮೀಟರ್ ಆಚೆಗೆ ಹಂಪ್ ಇನ್ನೂ ಸುಮಾರು 7 ಸೆಂಟಿಮೀಟರ್ ಎತ್ತರ ಇರಬೇಕು, ಒಂದೂವರೆ ಮೀಟರಿಗೆ ಮೂರೂವರೆ. ಅಲ್ಲಿ ಎತ್ತರ ಸೊನ್ನೆ ಬಂದರೆ ಅದು ಗುಡ್ಡೆ. ಮೇಲಿನ ಅಳತೆಗೆ ಕಟ್ಟಿದ್ದರೆ ಸಣ್ಣ ಕಾರಿನ ಹೊಟ್ಟೆಯೂ ಉಜ್ಜಲ್ಲ, ಏಕೆಂದರೆ ಎರಡೂ ಚಕ್ರಗಳು ಹಂಪ್ ಮೇಲೇ ಇರುತ್ತವೆ, ನಡುವೆ ಉಬ್ಬಿರೋದು ಐದು ಸೆಂಟಿಮೀಟರ್ ಆಸುಪಾಸು.

ಇನ್ನು ಎಷ್ಟು ಬೇಕು ಅನ್ನೋದು. ನಾನೂರು ಮೀಟರಿಗೆ ಒಂದೇ ಹಂಪ್ ಹಾಕಿಸಿದರೆ ಅದರ ಹತ್ತಿರ ಬ್ರೇಕು, ದಾಟಿದ ಕೂಡಲೇ ಆಕ್ಸಿಲರೇಟರ್. 1988ರ ಮಾರ್ಗಸೂಚಿ ಪ್ರಕಾರ ಸಾಲಾಗಿ ಹಾಕುವಾಗ 100ರಿಂದ 120 ಮೀಟರಿಗೊಂದು, ಅಂದರೆ ನಿಮ್ಮ ರಸ್ತೆಗೆ ಮೂರು. ಆಗ ನಡುವೆ ವೇಗ ಹಿಡಿಯಲು ಜಾಗ ಸಾಲಲ್ಲ. 50ರಲ್ಲಿ ಬರುವ ಗಾಡಿಯ ಡಿಕ್ಕಿಯ ಶಕ್ತಿ 30ರದ್ದರ ಸುಮಾರು 2.8 ಪಟ್ಟು. ಮಕ್ಕಳು ಆಡುವ ರಸ್ತೆಯಲ್ಲಿ ಈ ವ್ಯತ್ಯಾಸಕ್ಕಾಗಿ ಸ್ವಲ್ಪ ಕಿರಿಕಿರಿ ಸಹಿಸಬಹುದು ಅನ್ನೋದು ನನ್ನ ಅಭಿಪ್ರಾಯ.

ಕಿರಿಕಿರಿ ಇರೋದಂತೂ ಹೌದು. ಯಾರ ಗೇಟಿನ ಮುಂದೆ ಹಂಪ್ ಬರುತ್ತೋ ಅವರಿಗೆ ರಾತ್ರಿಯೆಲ್ಲ ಬ್ರೇಕಿನ, ಗೇರಿನ ಸದ್ದು. ನೀರಿನ ಟ್ಯಾಂಕರ್ ಬಂದರಂತೂ ಕೇಳಲೇಬೇಡಿ. ಹಾಗಾಗಿ ಜಾಗ ಗುರುತಿಸುವ ಮೊದಲು ಆ ಮನೆಯವರ ಒಪ್ಪಿಗೆ ಕೇಳಿ. ಆಮೇಲೆ ಶುರುವಾಗುವ ಜಗಳ ಹಂಪ್ ಕಿತ್ತರೂ ನಿಲ್ಲಲ್ಲ. ಆಂಬುಲೆನ್ಸ್, ಫೈರ್ ಎಂಜಿನ್ನಿಗೂ ಪ್ರತಿ ಹಂಪ್ ಕೆಲವು ಸೆಕೆಂಡು ತಿನ್ನುತ್ತೆ. ಆಸ್ಪತ್ರೆಗೆ ಅದೇ ದಾರಿ ಆಗಿದ್ದರೆ ನಾನು ಹಂಪ್ ಬೇಡ ಅಂತೀನಿ.

ಮಳೆನೀರಿಗೆ ಅಂಚಿನಲ್ಲಿ ಸಂದು ಬಿಡಬೇಕು, ಇಲ್ಲದಿದ್ದರೆ ಹಂಪ್ ಅಣೆಕಟ್ಟಾಗಿ ಅದರ ಬುಡದಲ್ಲೇ ಗುಂಡಿ ಬೀಳುತ್ತೆ. ಆದರೆ ಸಂದು ಕಂಡರೆ ಬೈಕಿನವರು ಬಿಡ್ತಾರಾ, ಎಲ್ಲರೂ ಚರಂಡಿ ಅಂಚಿಗೇ ನುಗ್ತಾರೆ. ಒಂದಡಿಗಿಂತ ಹೆಚ್ಚು ಬಿಡಬೇಡಿ. ಬೋಲ್ಟ್ ಹೊಡೆದು ಕೂರಿಸುವ ರಬ್ಬರ್ ತುಂಡುಗಳನ್ನು ನಾನು ಯಾರಿಗೂ ಹೇಳಲ್ಲ. ಅಗಲ ಸಾಲದು, ಜೊತೆಗೆ ತುಂಡು ಕಿತ್ತು ಹೋದ ಮೇಲೆ ಬೋಲ್ಟ್ ಮಾತ್ರ ನಿಂತಿರುತ್ತೆ.

ನಿಮ್ಮ ಮೂಲ ತೊಂದರೆ ಶಾರ್ಟ್‌ಕಟ್ ಆಗಿರೋದರಿಂದ ಇನ್ನೊಂದು ದಾರಿಯನ್ನೂ ಸಂಘದಲ್ಲಿ ಚರ್ಚಿಸಿ: ಕ್ರಾಸನ್ನು ಒನ್ ವೇ ಮಾಡಿಸೋದು. ಹೊರಗಿನ ಗಾಡಿ ಬರೋದೇ ಕಡಿಮೆಯಾದರೆ ಹಂಪ್ ಪ್ರಶ್ನೆ ಅರ್ಧ ಬಗೆಹರಿದಂತೆ. ನೀವೂ ಸುತ್ತಿಕೊಂಡು ಬರಬೇಕಾಗುತ್ತೆ, ಅದಕ್ಕೆ ಎಷ್ಟು ಜನ ಒಪ್ತಾರೋ ನೋಡಿ.

ಚಂದಾ ಎತ್ತಿ ನೀವೇ ಸಿಮೆಂಟ್ ಸುರಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ, ಯಾರಾದರೂ ಬಿದ್ದರೆ ಹೊಣೆ ನಿಮ್ಮ ತಲೆಗೆ. ಪಾಲಿಕೆಯ ವಾರ್ಡ್ ಇಂಜಿನಿಯರ್‌ಗೂ ಟ್ರಾಫಿಕ್ ಠಾಣೆಗೂ ಒಂದೇ ಮನವಿ ಕೊಟ್ಟು, ಎರಡಕ್ಕೂ ಸ್ವೀಕೃತಿ ತಗೊಳ್ಳಿ. ಅದರಲ್ಲಿ ಬರೀ "ಹಂಪ್ ಬೇಕು" ಅಂತ ಬರೆಯಬೇಡಿ. ಅಳತೆ, ಪಟ್ಟೆ ಬಣ್ಣ, 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಹತ್ತಿರದಲ್ಲೇ ಬೀದಿದೀಪ, ಎಲ್ಲ ಬರೆಯಿರಿ. ಬಣ್ಣ ಬಳಿಯದ ಹಂಪ್ ರಾತ್ರಿ ಕಾಣಲ್ಲ, ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತವರು ಮೊದಲು ಬೀಳ್ತಾರೆ. ಮನವಿಯ ಪ್ರತಿ ಜೋಪಾನ. ಮುಂದೆ ರಸ್ತೆಗೆ ಹೊಸ ಟಾರು ಬಿದ್ದಾಗ ಹಂಪ್ ಮುಚ್ಚಿಹೋಗುತ್ತೆ, ಆಗ ಹೊಸ ಕಂಟ್ರಾಕ್ಟರ್‌ಗೆ ಅದೇ ಅಳತೆ ಮತ್ತೆ ತೋರಿಸಬೇಕಾಗುತ್ತೆ.